ಕಡತವೂ ದಫ್ತರವೂ



ಕಚೇರಿಯ ಕಾಗದಗಳ ಕಟ್ಟನ್ನು ನಾವು ಕಡತವೆನ್ನುತ್ತೇವೆ. ಹಿಂದೆ ಕಡತವೆಂದರೆ ಕಾಗದವಲ್ಲ, ಅರಿವೆ. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದಿವೆ. ದಫ್ತರವೆಂಬುದು ಪಾರಸಿಯ ಮೂಲಕ ಬಂದ ಮಾತು. ಅದರ ಬೇರು ಗ್ರೀಕರ ‘ದಿಫ್ಥೇರ’, ಎಂದರೆ ತೊಗಲು. ಸ್ಲಾವ ಜನರಾದರೋ ತಮ್ಮ ವೃತ್ತಾಂತಗಳನ್ನು ‘ಲೇತೊಪಿಸ್’, ಎಂದರೆ ವರ್ಷಬರಹ, ಎಂದು ಕರೆದರು. ಹೀಗೆ ಕೆಲವರು ಬರೆದ ವಸ್ತುವಿನಿಂದಲೂ ಕೆಲವರು ಕಾಲಕ್ರಮದಿಂದಲೂ ಹೆಸರಿಟ್ಟರು.

ಮಾದನಹಿಪ್ಪರಗಾ ಮೊದಲಾದ ಊರುಗಳುಳ್ಳ ಆಳಂದ ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಸರ್ಕಾರದ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. ಉಳುವವನ ಮಾತು ಕನ್ನಡ. ತನ್ನ ಹೊಲದ ವಿವರ ದಫ್ತರದಲ್ಲಿದ್ದರೂ ಅದನ್ನೋದಲು ಅವನಿಗೆ ಪರರ ಕಣ್ಣು ಬೇಕಾಗುತ್ತಿತ್ತು. ೧೯೫೬ರಲ್ಲಿ ಆ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಹಳೆಯ ಲೆಕ್ಕಪತ್ರಗಳ ಲಿಪಿ ಮಾತ್ರ ಬದಲಾಗಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ ಓದಲಾಗದ ಕಟ್ಟೊಂದಿದ್ದರೆ ದಯಮಾಡಿ ಒಲೆಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಅದರಲ್ಲಿ ನಿಮ್ಮ ಹಿರಿಯರ ಹೊಲದ ಮೇರೆಯೇ ಇದ್ದೀತು.