ಘಾಟಿ ರಸ್ತೆಯ ನೀರು, ಹಳ್ಳದ ತಳ: ಮಲೆನಾಡಿನ ತೊರೆಗಳ ಆವಾಸ ಪರೀಕ್ಷೆಯ ವಿಧಾನ ಕುರಿತು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಮೀನು ಮತ್ತು ವನ್ಯಜೀವಿಗಳಿಗೆ ಸಂಬಂಧಿಸಿದ್ದು ಡಿ ವರ್ಗ. ಪಿಎಚ್ 6.5ರಿಂದ 8.5ರ ನಡುವೆ ಇರಬೇಕು, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಇಳಿಯಬಾರದು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು, ಅಳತೆಗಳು ಇಷ್ಟೇ. ಬಂಡೆಯಿಂದ ಬಂಡೆಗೆ ಧುಮುಕುತ್ತ ಬರುವ ಘಾಟಿಯ ಹಳ್ಳಕ್ಕೆ ಆಮ್ಲಜನಕದ ಕೊರತೆ ಬರುವುದು ಅಪರೂಪ. ಮೇಲೆ ಊರಿಲ್ಲದಿದ್ದರೆ ಅಮೋನಿಯಾ ಸೇರುವ ದಾರಿಯೂ ಇಲ್ಲ. ಆದ್ದರಿಂದ ರಸ್ತೆಯ ಕೆಳಗಿನ ಹಳ್ಳದ ತಳವೆಲ್ಲ ಕೆಂಪು ಹೂಳಿನಿಂದ ಮುಚ್ಚಿಹೋಗಿದ್ದರೂ ಬಾಟಲಿಯಲ್ಲಿ ತುಂಬಿ ತಂದ ಅದರ ನೀರು ಈ ಪರೀಕ್ಷೆಯಲ್ಲಿ ಪಾಸಾಗಬಲ್ಲದು. ರಸ್ತೆಯಿಂದ ಹಳ್ಳಕ್ಕಾಗುವ ಹಾನಿಯನ್ನು ತಿಳಿಯಬೇಕಾದರೆ ನೀರಿನ ಜೊತೆಗೆ ಹಳ್ಳದ ತಳವನ್ನೂ ಪರೀಕ್ಷಿಸಬೇಕು, ಅದನ್ನು ಸರಿಯಾದ ಹೊತ್ತಿನಲ್ಲಿ ಮಾಡಬೇಕು ಎಂಬುದು ಈ ಲೇಖನದ ವಾದ.

ರಾಷ್ಟ್ರೀಯ ಹೆದ್ದಾರಿ 75 ಶಿರಾಡಿಯಲ್ಲಿ, ಹೆದ್ದಾರಿ 73 ಚಾರ್ಮಾಡಿಯಲ್ಲಿ ಪಶ್ಚಿಮಘಟ್ಟವನ್ನು ಇಳಿಯುತ್ತವೆ. ಇಂಥ ರಸ್ತೆಯ ಒಂದು ಬದಿಗೆ ಕಡಿದ ಧರೆ, ಇನ್ನೊಂದು ಬದಿಗೆ ಕಣಿವೆ. ಕಾಡಿನ ತರಗೆಲೆ ಮತ್ತು ಬೇರಿನ ನಡುವೆ ಹಿಂಗಿ ನಿಧಾನವಾಗಿ ಹಳ್ಳ ಸೇರಬೇಕಾದ ನೀರು ಧರೆಯ ಬುಡದಲ್ಲೇ ಹೊರಬಿದ್ದು ಚರಂಡಿ ಹಿಡಿಯುತ್ತದೆ, ಮೋರಿಯೊಂದರಿಂದ ಒಮ್ಮೆಲೇ ಇಳಿಜಾರಿಗೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಕೊರಕಲು ಏಳುತ್ತದೆ, ಕೊರಕಲಿನ ಮಣ್ಣು ಹಳ್ಳಕ್ಕೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲೂ 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲೂ ಧರೆ ಕುಸಿದಾಗ ಸುದ್ದಿಯಾದದ್ದು ಸಂಚಾರ ನಿಂತದ್ದು. ಕುಸಿದ ಮಣ್ಣಿನಲ್ಲಿ ಹಳ್ಳಕ್ಕೆ ಹೋದದ್ದೆಷ್ಟು ಎಂದು ಯಾರೂ ಕೇಳಲಿಲ್ಲ. ಶಿರಾಡಿಯ ಕೆಂಪುಹೊಳೆ ಗುಂಡ್ಯದ ಮೂಲಕ ಕುಮಾರಧಾರೆಯನ್ನು ಸೇರುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಘಾಟಿಯ ಹೂಳು ಘಾಟಿಯಲ್ಲೇ ಉಳಿಯುವುದಿಲ್ಲ.

ಮಣ್ಣಿನ ಜೊತೆಗೆ ವಾಹನಗಳ ಸವಕಲೂ ಇದೆ. ಟೈರಿನಿಂದ ಸತು, ಬ್ರೇಕ್ ಪ್ಯಾಡಿನಿಂದ ತಾಮ್ರ, ಎಂಜಿನ್‌ನಿಂದ ಸೋರಿದ ಎಣ್ಣೆ, ಹೊಗೆಯಲ್ಲಿನ ಇಂಗಾಲದ ಸಂಯುಕ್ತಗಳು ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕೂತಿರುತ್ತವೆ. ತಿರುವು ತಿರುವಿಗೂ ಬ್ರೇಕ್ ಹಿಡಿಯುವ ಘಾಟಿಯಲ್ಲಿ ಈ ಸವಕಲು ಬಯಲಿನ ರಸ್ತೆಗಿಂತ ಹೆಚ್ಚು. ಮೊದಲ ಜೋರು ಮಳೆ ಇದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ.

ಹೂಳು ಏನನ್ನು ಮುಚ್ಚುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಳಿಗಾಲದಲ್ಲಿ ಹಳ್ಳದ ಹರಿವಿನಲ್ಲಿರುವ ಅಂಗೈಯಗಲದ ಕಲ್ಲೊಂದನ್ನು ಎತ್ತಿ ತಿರುಗಿಸಿದರೆ ಅಡಿಮೈಯಲ್ಲಿ ಚಪ್ಪಟೆ ದೇಹದ ಮೇಫ್ಲೈ ಮರಿಗಳು ಅಂಚಿನ ಕಡೆಗೆ ಸರಿಯುತ್ತವೆ. ಮರಳಿನ ಕಣಗಳನ್ನು ಅಂಟಿಸಿ ಕಟ್ಟಿಕೊಂಡ ಕೊಳವೆಯೊಳಗೆ ಕ್ಯಾಡಿಸ್‌ಫ್ಲೈ ಮರಿ ಇರುತ್ತದೆ. ನೀರು ತಂಪಾಗಿ ಶುದ್ಧವಾಗಿದ್ದರೆ ಎರಡು ಬಾಲದ ಎಳೆಗಳಿರುವ ಸ್ಟೋನ್‌ಫ್ಲೈ ಮರಿಯೂ ಸಿಗುತ್ತದೆ. ಕಲ್ಲಿನ ಅಡಿಯಲ್ಲಿ ನೀರಾಡುವ ಸಂದು ಇರುವವರೆಗೆ ಮಾತ್ರ ಇವುಗಳ ಬದುಕು. ಸಂದಿಗೆ ನುಣ್ಣನೆಯ ಮಣ್ಣು ತುಂಬಿದರೆ ಕಲ್ಲು ಅಲ್ಲೇ ಇರುತ್ತದೆ, ಮನೆ ಇರುವುದಿಲ್ಲ.

ಕುಣಿಯುವ ಕಪ್ಪೆಗಳ ವಿಷಯ ಇನ್ನೂ ಸೂಕ್ಷ್ಮ. ಇವುಗಳ ಮೈಕ್ರಿಕ್ಸಾಲಿಡೇ ಕುಟುಂಬ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಒಂದು ಪ್ರಭೇದಕ್ಕೆ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದ ಹೆಸರೇ ಇದೆ. 1937ರಲ್ಲಿ ಅದನ್ನು ವಿವರಿಸಿದವರು ಸಿ. ಆರ್. ನಾರಾಯಣರಾವ್. ಈ ಕುಟುಂಬದ ಗೊದಮೊಟ್ಟೆಗಳು ಹಳ್ಳದ ತಳದ ಮರಳು ಜಲ್ಲಿಯೊಳಗೆ ಹುದುಗಿ ಬೆಳೆಯುತ್ತವೆ ಎಂಬುದು 2016ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ತೆಳ್ಳಗೆ ಉದ್ದನೆಯ ಮೈ, ಚರ್ಮ ಮುಚ್ಚಿದ ಕಣ್ಣು, ಕತ್ತಲಲ್ಲಿ ಜಲ್ಲಿಯ ಸಂದುಗಳಲ್ಲಿ ತೆವಳುವ ಬದುಕು. ಇವು ನೀರಿನ ಬಾಟಲಿಗೂ ಬರುವುದಿಲ್ಲ, ಮೇಲಿನಿಂದ ನೋಡುವವರ ಕಣ್ಣಿಗೂ ಬೀಳುವುದಿಲ್ಲ. ತಳ ಹೂಳಿನಿಂದ ಗಟ್ಟಿಯಾದರೆ ಇವುಗಳಿಗೆ ಹೋಗಲು ಬೇರೆ ಜಾಗವಿಲ್ಲ.

ತಳವನ್ನು ಅಳೆಯುವ ವಿಧಾನಗಳು ಹೊಸತಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1999ರ ಕ್ಷಿಪ್ರ ಜೈವಿಕ ಪರೀಕ್ಷಾ ಕ್ರಮದಲ್ಲಿ ತೊರೆಯ ಆವಾಸಕ್ಕೆ ಹತ್ತು ಅಂಶಗಳಿವೆ, ಒಂದೊಂದಕ್ಕೆ 20 ಅಂಕ, ಒಟ್ಟು 200. ಕಲ್ಲುಗಳು ನುಣ್ಣನೆಯ ಮಣ್ಣಿನಲ್ಲಿ ಎಷ್ಟು ಹೂತಿವೆ ಎಂಬುದು ಅವುಗಳಲ್ಲೊಂದು. ಕಾಲುಭಾಗದೊಳಗೆ ಹೂತಿದ್ದರೆ ಉತ್ತಮ, ಮುಕ್ಕಾಲಕ್ಕಿಂತ ಹೆಚ್ಚಾದರೆ ಕಳಪೆ. ದಂಡೆಯ ಗಟ್ಟಿತನ, ದಂಡೆಯ ಮರಗಳು, ರಭಸದ ಹರಿವು ಮತ್ತು ಮಡುಗಳ ಸರದಿ ಇವೂ ಲೆಕ್ಕಕ್ಕಿವೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೂ ತಳಜೀವಿಗಳ ಕುಟುಂಬಗಳಿಗೆ ಅಂಕ ಕೊಡುವ ಜೈವಿಕ ಮಾನದಂಡವಿದೆ. ಆದರೆ ಈ ಕೋಷ್ಟಕಗಳನ್ನು ಹಾಗೆಯೇ ಎತ್ತಿ ತರುವುದನ್ನು ನಾನು ಒಪ್ಪುವುದಿಲ್ಲ. ಉದಾಹರಣೆಗೆ, ಪಾತ್ರ ತುಂಬಿ ಹರಿಯುವುದಕ್ಕೆ ಅಮೆರಿಕದ ಕ್ರಮದಲ್ಲಿ ಅಂಕವಿದೆ. ಮಲೆನಾಡಿನ ಹಳ್ಳ ಮಾರ್ಚಿಗೆ ಸೊರಗುವುದು ಸಹಜ, ಅದಕ್ಕೆ ಅಂಕ ಕಳೆದರೆ ಅನ್ಯಾಯ. ಹೋಲಿಕೆ ನಡೆಯಬೇಕಾದದ್ದು ಅದೇ ಘಟ್ಟದ, ಅಷ್ಟೇ ಗಾತ್ರದ, ಮೇಲೆ ರಸ್ತೆಯಿಲ್ಲದ ಇನ್ನೊಂದು ಹಳ್ಳದೊಡನೆ. ಜೊತೆಗೆ ಅದೇ ಹಳ್ಳದಲ್ಲಿ ಮೋರಿಯ ಮೇಲ್ಭಾಗ ಮತ್ತು ಕೆಳಭಾಗಗಳ ನಡುವೆ.

ಹೊತ್ತು ಏಕೆ ಮುಖ್ಯ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಪ್ರದೇಶದ ಅನುಭವ ದೊಡ್ಡ ಸಾಕ್ಷಿ. ಸಮುದ್ರದಿಂದ ತವರು ತೊರೆಗೆ ಮರಳಿದ ಕೋಹೋ ಸಾಲ್ಮನ್‌ಗಳು ಶರತ್ಕಾಲದ ಮಳೆಯ ಹಿಂದೆಯೇ, ಮೊಟ್ಟೆಯಿಡುವ ಮೊದಲೇ, ಬಾಯಿ ತೆರೆದುಕೊಂಡು ಸುತ್ತುತ್ತ ಸಾಯುತ್ತಿದ್ದವು. ಸಿಯಾಟಲ್‌ನ ಲಾಂಗ್‌ಫೆಲೋ ತೊರೆ ಇಂಥವುಗಳಲ್ಲೊಂದು. ಆಮ್ಲಜನಕ, ಉಷ್ಣತೆ, ರೋಗ, ಕೀಟನಾಶಕ, ಲೋಹ ಯಾವುದೂ ಕಾರಣವಾಗಿರಲಿಲ್ಲ. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಸಂಶೋಧನೆ ಕಾರಣವನ್ನು ಹೆಸರಿಸಿತು: ಟೈರು ಬಿರಿಯದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನಿನೊಡನೆ ಕೂಡಿ ಆಗುವ ಕ್ವಿನೋನ್. ಲೀಟರಿಗೆ ಸುಮಾರು 95 ನ್ಯಾನೋಗ್ರಾಂ ಇದ್ದರೆ ಅರ್ಧದಷ್ಟು ಕೋಹೋಗಳು ಸಾಯುತ್ತವೆ ಎಂದು ಮುಂದಿನ ಅಳತೆಗಳು ತೋರಿಸಿದವು. ಅದೇ ರಸ್ತೆನೀರಿನಲ್ಲಿ ಚಮ್ ಸಾಲ್ಮನ್ ಬದುಕುತ್ತದೆ. ನಮ್ಮ ಹಳ್ಳಗಳಲ್ಲೂ ಇರುವ ಜೀಬ್ರಾಮೀನು ಆ ಪ್ರಮಾಣಕ್ಕೆ ಸಾಯುವುದಿಲ್ಲ. ಹಾಗಾಗಿ ಆ ವಿಷದ ಹೆಸರನ್ನು ತಂದು ಶಿರಾಡಿಗೆ ಅಂಟಿಸುವುದು ತಪ್ಪು. ನಾವು ಕಲಿಯಬೇಕಾದದ್ದು ಬೇರೆ. ಮಳೆಯ ಮೊದಲ ತೊಳೆತ ಮತ್ತು ಮೀನಿನ ಸಂತಾನದ ಹೊತ್ತು ಒಂದೇ ಆದದ್ದರಿಂದ ಅಲ್ಲಿ ಹಾನಿ ಅಷ್ಟು ತೀವ್ರವಾಯಿತು.

ಮಲೆನಾಡಿನಲ್ಲೂ ಈ ಎರಡು ಹೊತ್ತುಗಳು ಕೂಡುತ್ತವೆ. ಮುಂಗಾರು ಹಿಡಿದು ಹೊಸನೀರು ಬಂದ ರಾತ್ರಿಗಳಲ್ಲಿ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರುತ್ತವೆ. ಊರವರು ಹತ್ತುಮೀನು ಎನ್ನುವುದು ಇವನ್ನೇ. ಬೇಸಿಗೆಯ ಸವಕಲನ್ನು ಹೊತ್ತ ರಸ್ತೆನೀರು ಹಳ್ಳಕ್ಕೆ ಇಳಿಯುವುದೂ ಅದೇ ವಾರಗಳಲ್ಲಿ. ಮೋರಿಯ ಕೊಳವೆ ಹಳ್ಳದ ತಳಕ್ಕಿಂತ ಎತ್ತರದಲ್ಲಿ ಬಾಯಿ ತೆರೆದಿದ್ದರೆ ಏರಿ ಬಂದ ಮೀನು ಅಲ್ಲೇ ತಡೆದು, ಬೀಳುವ ಕೊಳಕು ನೀರಿನ ಕೆಳಗೆ ಗುಂಪುಗೂಡುತ್ತದೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಒಂದು ಬಾಟಲಿ ನೀರು ತುಂಬಿಕೊಂಡು ಹೋಗುವ ಪರೀಕ್ಷೆಗೆ ಇದು ಯಾವುದೂ ತಿಳಿಯುವುದಿಲ್ಲ. ತಳದ ಕಲ್ಲುಗಳನ್ನೂ ಕೀಟಗಳನ್ನೂ ಎಣಿಸಲು ಚಳಿಗಾಲದ ತಿಳಿನೀರೇ ಸೂಕ್ತ. ಲೋಹ ಮತ್ತು ಎಣ್ಣೆಯ ಮಾದರಿಯನ್ನು ಮಾತ್ರ ಮೊದಲ ಮಳೆ ಬೀಳುತ್ತಿರುವಾಗಲೇ, ಚರಂಡಿ ಹಳ್ಳಕ್ಕೆ ಕೂಡುವ ಜಾಗದಲ್ಲೇ ಹಿಡಿಯಬೇಕು.

ಪರಿಹಾರ ಕಷ್ಟದ್ದಲ್ಲ. ಮರಳು, ಗೊಬ್ಬರ, ತೊಗಟೆ ಬೆರೆಸಿದ ಮಣ್ಣಿನ ಪದರದ ಮೂಲಕ ಹಾಯಿಸಿದ ಹೆದ್ದಾರಿಯ ನೀರಿನಲ್ಲಿ ಕೋಹೋಗಳು ಬದುಕಿ ಉಳಿದದ್ದನ್ನು ವಾಷಿಂಗ್ಟನ್ ರಾಜ್ಯದ ಪ್ರಯೋಗಗಳು ತೋರಿಸಿವೆ. ಆಗುಂಬೆಯಂತೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಲ್ಲಿ ಅಂಥ ಪದರ ಇಡೀ ಮಳೆಗಾಲವನ್ನು ತಾಳದು. ಆದರೆ ಮೊದಲ ಮಳೆಗಳ ನೀರನ್ನಷ್ಟೇ ತಡೆದು ಸೋಸಿದರೂ ಅತಿ ಕೆಟ್ಟ ಪಾಲು ನಿಲ್ಲುತ್ತದೆ. ಅಗೆದ ಮಣ್ಣನ್ನು ಕಣಿವೆಗೆ ಸುರಿಯದಿರುವುದು, ಮೋರಿಯನ್ನು ಹಳ್ಳದ ತಳದ ಮಟ್ಟಕ್ಕೇ ಕೂರಿಸುವುದು ಇವಕ್ಕೆ ಹೊಸ ತಂತ್ರಜ್ಞಾನ ಬೇಡ. ಘಾಟಿ ರಸ್ತೆಯ ಯಾವುದೇ ಅಗಲೀಕರಣಕ್ಕೆ ಒಪ್ಪಿಗೆ ಕೊಡುವ ಮೊದಲು, ಅದು ದಾಟುವ ಪ್ರತಿ ಹಳ್ಳದ ತಳದ ಒಂದು ಪೂರ್ಣ ವರ್ಷದ ದಾಖಲೆಯನ್ನು ಕಡ್ಡಾಯವಾಗಿ ಕೇಳಬೇಕು. ಕೆಲಸ ಮುಗಿದ ಮೇಲೆ ಹೋಲಿಸಿ ನೋಡಲು ಬೇರೆ ಯಾವ ಆಧಾರವೂ ಉಳಿದಿರುವುದಿಲ್ಲ.