ಸರೋವರದ ಕಳೆ, ದಡದವರ ತೆರಿಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸರೋವರಗಳ ನೀರು ಸಾರ್ವಜನಿಕರ ಸೊತ್ತು. ಹಾಗಾದರೆ ಅದರಲ್ಲಿ ಹಬ್ಬಿದ ಯುರೇಷಿಯನ್ ವಾಟರ್‌ಮಿಲ್ಫಾಯಿಲ್ ಎಂಬ ಪರದೇಶಿ ಕಳೆಯನ್ನು ತೆಗೆಸುವ ಖರ್ಚು ಯಾರದು? 1974ರ ಕಾನೂನೊಂದು ದಾರಿ ತೋರಿಸಿತು. ಸುತ್ತಲಿನ ಆಸ್ತಿದಾರರು ಅರ್ಜಿ ಹಾಕಿ 'ಲೇಕ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಆಡಳಿತ ಘಟಕವನ್ನು ಪಡೆದು, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಬಹುದು. ಆಸ್ತಿ ಮೌಲ್ಯದ ಪ್ರತಿ 1,000 ಡಾಲರಿಗೆ ಗರಿಷ್ಠ 2.50 ಡಾಲರ್. ವಾರ್ಷಿಕ ಸಭೆಯಲ್ಲಿ ನಿವಾಸಿಗಳಿಗೂ ಹೊರಗಿರುವ ಆಸ್ತಿದಾರರಿಗೂ ಮತವುಂಟು. ಕಳೆನಾಶಕ ಹಾಕಲು ಮಾತ್ರ ಸರಕಾರದ ಪರವಾನಿಗೆ ಬೇಕು.

ತುಂಡಾದರೂ ಚಿಗುರುವ ಈ ಕಳೆ ದೋಣಿಗಳಿಗೆ ಅಂಟಿಕೊಂಡು ಊರೂರು ತಿರುಗುತ್ತದೆ. ಹೊರಗಿನಿಂದ ದೋಣಿ ತರುವವನಿಗೆ ಈ ತೆರಿಗೆಯಿಲ್ಲ. ದಡದವರಿಗೆ ಇದು ಅನ್ಯಾಯವೆನಿಸಿದರೆ ತಪ್ಪೆನ್ನಲಾರೆವು. ಆದರೂ ಕಾನೂನು ಅವನನ್ನು ಕೇಳುವುದಿಷ್ಟೇ: ಅಂಟಿದ ಕಳೆ ಕಿತ್ತು ದೋಣಿ ಇಳಿಸು.