ಸ್ವರಕ್ಕೊಂದು ಸೂರು

ಶಿರಸಿಯಿಂದ ಮೂಡಣಕ್ಕೆ ಹೊರಟ ದಾರಿಯಲ್ಲಿ ಎಕ್ಕಂಬಿ ಒಂದು ಹೊಸ್ತಿಲಿನಂತಹ ಊರು. ಅದರ ಹಿಂದೆ ಅಡಿಕೆಯ ತೋಟ, ಬೆಟ್ಟ, ಕಾಡು. ಮುಂದೆ ಹಾನಗಲ್ಲ ಸೀಮೆಯ ಬಯಲು. ಹೊಸ್ತಿಲಿನ ಈಚೆಗಿರುವ ನಮಗೆ ಹಾಡೆಂದೊಡನೆ ಮೊದಲು ನೆನಪಾಗುವುದು ಯಕ್ಷಗಾನದ ಭಾಗವತರು. ಹೊಸ್ತಿಲಿನ ಆಚೆಗೆ, ಅದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, 1892ರಲ್ಲಿ ಕಣ್ಣಿಲ್ಲದ ಮಗುವೊಂದು ಹುಟ್ಟಿತು. ಆ ಮಗು ಬೆಳೆದು ಕಟ್ಟಿದ ಸಂಗೀತದ ಮನೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಅದರ ಇತಿಹಾಸವನ್ನು ಇಂದು ಕೊಂಚ ನೆನೆಯೋಣ.

ಹಿಂದೂಸ್ತಾನಿ ಸಂಗೀತದಲ್ಲಿ ‘ಘರಾಣೆ’ ಎಂಬ ಮಾತು ಎಲ್ಲರಿಗೂ ಪರಿಚಿತ. ಘರ ಎಂದರೆ ಮನೆ. ವಿದ್ಯೆ ಗುರುವಿನ ಮನೆಯಲ್ಲಿತ್ತು. ಅದನ್ನು ಪಡೆಯಬೇಕಾದವನು ಆ ಮನೆಯಲ್ಲಿ ಇರಬೇಕಾಗಿತ್ತು. ಮಗ, ಅಳಿಯ, ಸೋದರಳಿಯ, ಇಲ್ಲವೇ ಗುರುವಿನ ಮನಸ್ಸನ್ನು ಗೆದ್ದ ಒಬ್ಬಿಬ್ಬರು ಶಿಷ್ಯರು, ಇಷ್ಟೇ ಜನರಿಗೆ ಆ ಬಾಗಿಲು ತೆರೆಯುತ್ತಿತ್ತು. ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿದ್ದು ಭೀಮಸೇನ ಜೋಶಿಯವರು ಕಲಿತ ಬಗೆಯೂ ಈ ಪರಂಪರೆಯದೇ. ಅದರಿಂದ ಮಹಾಗಾಯಕರು ಹುಟ್ಟಿದರು, ನಿಜ. ಆದರೆ ಬಡವರ ಮನೆಯ, ಅದರಲ್ಲಿಯೂ ಕುರುಡನಾದ ಹುಡುಗನ ಗತಿಯೇನು? ಶಾಸ್ತ್ರಾಭ್ಯಾಸಕ್ಕೆಂದು ಬಂದ ಬಡ ವಿದ್ಯಾರ್ಥಿಗೆ ನಮ್ಮ ಊರುಗಳಲ್ಲಿ ವಾರಾನ್ನವಿತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಅವನು ಓದು ಮುಗಿಸುತ್ತಿದ್ದ. ದಾರಿ ಕಾಣದವನು ದಿನಕ್ಕೊಂದು ಮನೆಯನ್ನು ಹೇಗೆ ಹುಡುಕಿಯಾನು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ಗದಿಗೆಯ್ಯ ಮತ್ತು ಗುರುಬಸಯ್ಯ ಎಂಬ ಅಂಧ ಸಹೋದರರ ಕಂಠವನ್ನು ಕೇಳಿ, ಅವರ ಸಂಗೀತಾಭ್ಯಾಸಕ್ಕೆ ಆಸರೆಯಾದರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದನು. ಮೊದಲು ಕರ್ನಾಟಕ ಸಂಗೀತ, ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ, ಹೀಗೆ ಎರಡೂ ಪದ್ಧತಿಗಳಲ್ಲಿ ಅವರು ಪಾಂಡಿತ್ಯವನ್ನು ಸಂಪಾದಿಸಿದರು. ಎರಡು ಪದ್ಧತಿಗಳ ಗಡಿಯಲ್ಲಿರುವ ಈ ನಾಡಿಗೆ ಅದು ತಕ್ಕುದಾದ ಸಿದ್ಧತೆಯೇ ಆಗಿತ್ತು.

1914ರ ಸುಮಾರಿಗೆ ಅವರ ಪಾಠಶಾಲೆ ಆರಂಭವಾಯಿತು. ಅದಕ್ಕೆ ಕಟ್ಟಡವಿರಲಿಲ್ಲ. ಅದು ಊರಿಂದೂರಿಗೆ ನಡೆಯುವ ಶಾಲೆ. ಗುರು ಹೋದಲ್ಲಿಗೆ ಶಿಷ್ಯರೂ ಹೋಗುತ್ತಿದ್ದರು. ಮಠ, ಗುಡಿ, ದಾನಿಗಳ ಪಡಸಾಲೆ, ಎಲ್ಲಿ ತಂಗಿದರೆ ಅಲ್ಲಿಯೇ ಪಾಠ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದಾಗ ಬೆನ್ನಿಗಿದ್ದ ಆಸರೆ ಹೋಯಿತು. ಮಕ್ಕಳನ್ನು ಮನೆಗೆ ಕಳಿಸಬಹುದಾಗಿತ್ತು, ಗವಾಯಿಗಳು ಕಳಿಸಲಿಲ್ಲ. ಜೋಳಿಗೆ ಹಿಡಿದರು, ಕೀರ್ತನೆ ಮಾಡಿದರು. ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿಕೊಂಡು, ಅದರ ಗಳಿಕೆ ಮಕ್ಕಳ ಹೊಟ್ಟೆಗೆ ಒದಗಿತು. ಶಾಸ್ತ್ರೀಯ ಸಂಗೀತದ ಶಾಲೆಯನ್ನು ನಾಟಕದ ಟಿಕೀಟಿನ ಹಣ ಸಾಕಿತೆಂಬುದು ನಮ್ಮ ಸಾಂಸ್ಕೃತಿಕ ಇತಿಹಾಸದ ಒಂದು ಅಪೂರ್ವ ಸಂಗತಿ.

ಈ ಅಲೆದಾಟದ ವರ್ಷಗಳಲ್ಲಿಯೇ ಶಾಲೆಯ ಫಲವೂ ಕಾಣತೊಡಗಿತು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ, ತರುಣ ಬಸವರಾಜ ರಾಜಗುರು ಅಲ್ಲಿ ಹಾಡಿದರು. ಅವರಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರು ಪಂಚಾಕ್ಷರಿ ಗವಾಯಿಗಳು! ಶಿಷ್ಯನನ್ನು ಸಭೆಯ ಮುಂದೆ ನಿಲ್ಲಿಸಿ, ತಾನು ಪಕ್ಕಕ್ಕೆ ಸರಿದು ತಾಳ ಹಿಡಿಯುವ ಗುರುವಿನ ಔದಾರ್ಯವನ್ನು ಏನೆಂದು ಬಣ್ಣಿಸುವುದು? ಸಿದ್ಧರಾಮ ಜಂಬಲದಿನ್ನಿಯವರೂ ಇದೇ ಗುರುವಿನಲ್ಲಿ ಕಲಿತವರು.

ಕೊನೆಗೆ ಗದುಗಿನಲ್ಲಿ ದಾನಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಶಾಲೆಗೆ ನೆಲೆ ದೊರೆಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಆ ಮನೆಯ ಭಾರವನ್ನು ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೆ ಆಗ ಮೂವತ್ತು ವರ್ಷ. ಎಳೆಯ ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡವರು ಅವರು. 2010ರಲ್ಲಿ ತಾವು ಕಣ್ಮರೆಯಾಗುವವರೆಗೆ, ಅರವತ್ತಾರು ವರ್ಷ, ಆ ಭಾರವನ್ನು ಇಳಿಸಲಿಲ್ಲ. ನಾಟಕಗಳನ್ನು ರಚಿಸಿದರು; ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು; ಹಲವು ವಾದ್ಯಗಳನ್ನು ನುಡಿಸಿದರು. ಊರೂರಿನ ಭಕ್ತರು ಅವರಿಗೆ ನಾಣ್ಯಗಳಿಂದ ತುಲಾಭಾರ ಮಾಡಿದರು. ತಕ್ಕಡಿಗೆ ಬಿದ್ದ ನಾಣ್ಯ ಆಶ್ರಮದ ಅಡುಗೆಮನೆಯಲ್ಲಿ ಅನ್ನವಾಯಿತು.

ಅಡುಗೆಮನೆಯ ಮಾತನ್ನು ಬೇಕೆಂದೇ ಎತ್ತಿದ್ದೇನೆ. ಪಾಲುಸ್ಕರ ವಿಷ್ಣು ದಿಗಂಬರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ರಾಜಾಶ್ರಯವಿಲ್ಲದೆ ಜನರ ಹಣದಿಂದಲೇ ಸಂಗೀತ ಕಲಿಸಬಹುದೆಂದು ತೋರಿಸಿದ್ದರು. ಅವರ ಕಣ್ಣಿಗೂ ಬಾಲ್ಯದಲ್ಲಿ ಪೆಟ್ಟು ಬಿದ್ದಿತ್ತು; ಶಿಷ್ಯರನ್ನು ಜೊತೆಯಲ್ಲಿಟ್ಟುಕೊಂಡು ಸಾಕಿದವರೇ ಅವರು. ಆದರೆ ಮುಂಬಯಿಯಲ್ಲಿ ಅವರು ಎಬ್ಬಿಸಿದ ದೊಡ್ಡ ಕಟ್ಟಡ ಸಾಲದಿಂದಾಗಿ ಕೈಬಿಟ್ಟುಹೋಯಿತು. ಗದುಗಿನಲ್ಲಿ ಕ್ರಮ ತಿರುಗುಮುರುಗಾಯಿತು. ಮೊದಲು ಮಕ್ಕಳು, ಆಮೇಲೆ ಅನ್ನ, ಕಟ್ಟಡ ಕಟ್ಟಕಡೆಗೆ. ಗೋಡೆಯಿಲ್ಲದೆಯೂ ಕಾಲು ಶತಮಾನ ಬದುಕಿದ್ದ ಶಾಲೆಗೆ ಗೋಡೆಯ ಹಂಗು ಕಡಿಮೆ.

ಹಾಗಾದರೆ ಒಂದೇ ಸೂರಿನಡಿ ವಾಸಿಸುವುದರಿಂದ ಸಂಗೀತಕ್ಕೆ ಆಗುವ ಲಾಭವೇನು? ಬೆಳಗಿನ ಜಾವದಲ್ಲಿ ಹಿರಿಯ ವಿದ್ಯಾರ್ಥಿ ಷಡ್ಜ ಹಿಡಿದಾಗ ಕಿರಿಯನು ಹಾಸಿಗೆಯಲ್ಲಿದ್ದೇ ಅದನ್ನು ಕೇಳುತ್ತಾನೆ. ತನಗೆ ಹೇಳದ ಪಾಠವೂ ಅವನ ಕಿವಿಗೆ ಬೀಳುತ್ತದೆ. ಪುಸ್ತಕ ನೋಡಲಾರದವನಿಗೆ ಈ ಕೇಳ್ಮೆಯೇ ಪುಸ್ತಕ. ವಾರಕ್ಕೆರಡು ತಾಸಿನ ತರಗತಿಯಲ್ಲಿ ರಾಗದ ಲಕ್ಷಣ ತಿಳಿದೀತು. ರಾಗದ ಸಹವಾಸ ಸಿಗಬೇಕಾದರೆ ವರ್ಷಗಟ್ಟಲೆ ಜೊತೆಗಿರಬೇಕು. 1968ರಲ್ಲಿ ಸೋದರಮಾವ ಬೆಳಗಲ್ಲು ವೀರಣ್ಣನವರ ಕೈಹಿಡಿದು ಆಶ್ರಮಕ್ಕೆ ಬಂದ ವೆಂಕಟೇಶಕುಮಾರರು ಹತ್ತು ವರ್ಷಗಳಿಗೂ ಮೀರಿ ಅಲ್ಲಿಯೇ ಇದ್ದು ಕಲಿತರು. ಇಂದು ಅವರ ಕಂಠವನ್ನು ಬಲ್ಲ ರಸಿಕರಿಗೆ ಈ ಮಾತಿನ ಅರ್ಥ ಹೊಳೆದೀತು.

ಆದರೆ ಇಂತಹ ಮನೆಯನ್ನು ಪ್ರಸಿದ್ಧರ ಹೆಸರುಗಳಿಂದಷ್ಟೇ ಅಳೆಯಲಾಗದು. ಕಲಿತವರೆಲ್ಲ ರಾಜಗುರುಗಳಾಗುವುದಿಲ್ಲ. ಶಾಲೆಯ ಸಂಗೀತದ ಮಾಸ್ತರಾಗಿ, ಪುರಾಣಕ್ಕೆ ಹಾರ್ಮೋನಿಯಂ ನುಡಿಸುವವರಾಗಿ, ಕೀರ್ತನಕಾರರಾಗಿ, ತಬಲಾ ವಾದಕರಾಗಿ ಎಷ್ಟೋ ಜನ ತಮ್ಮ ಅನ್ನವನ್ನು ತಾವೇ ದುಡಿದುಕೊಂಡರು. ಮನೆಯ ಮೂಲೆಯಲ್ಲಿ ಕೂರಬೇಕಾಗಿದ್ದ ಮಗು ನಾಲ್ವರ ನಡುವೆ ‘ಗವಾಯಿ’ ಎನಿಸಿಕೊಂಡದ್ದು ಸಣ್ಣ ಮಾತಲ್ಲ.

2011ರಲ್ಲಿ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲ ಸರಕಾರದ ನೆರವಿನಿಂದ ತೆರೆಯಿತು. ಗುರು ಶಿಷ್ಯರು ಒಂದೆಡೆ ವಾಸಿಸುವ ಪದ್ಧತಿಗೆ ರಾಜ್ಯವೇ ಮನ್ನಣೆ ಕೊಟ್ಟದ್ದು ಸಂತೋಷದ ಸಂಗತಿ. ಪ್ರತಿಭೆಯನ್ನು ಪರೀಕ್ಷಿಸಿ ಆರಿಸಿಕೊಳ್ಳುವ ಸಂಸ್ಥೆಗಳು ನಮಗೆ ಬೇಕು. ಅದರ ಜೊತೆಗೆ, ಹಸಿದು ಬಂದ ಹುಡುಗನಿಗೆ ಮೊದಲು ಉಣಬಡಿಸಿ, ಅವನ ಸ್ವರವನ್ನು ನಾಳೆ ಕೇಳೋಣವೆನ್ನುವ ಮನೆಯೂ ಬೇಕು. ಊರಲ್ಲಿ ಕಚೇರಿ ಏರ್ಪಡಿಸಿ, ಕಲಾವಿದರಿಗೆ ಶಾಲು ಹೊದಿಸಿ ಕಳಿಸುವ ನಮ್ಮ ಸಂಗೀತ ಸಭೆಗಳು ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ಊಟದ ಹೊಣೆಯನ್ನು ಹೊತ್ತರೆ, ಕಾಡಶೆಟ್ಟಿಹಳ್ಳಿಯ ಆ ಗವಾಯಿಗಳ ಜೋಳಿಗೆಗೆ ನಾವೂ ಒಂದು ಹಿಡಿ ಹಾಕಿದಂತಾದೀತು.

(ಆಕಾಶವಾಣಿಯ ಕೃಪೆಯಿಂದ)